ಶಾಲೆಯಿಂದ ಸೋರಿದ ಮಾಹಿತಿ: ದಂಡ ಸರ್ಕಾರಕ್ಕೆ, ನಷ್ಟ ನಮಗೆ

ಮಾನ್ಯ ಸಂಪಾದಕರೇ,

"ಮೇಡಂ, ನಿಮ್ಮ ಮಗಳು ಏಳನೇ ಕ್ಲಾಸ್ ಬಿ ಸೆಕ್ಷನ್ ಅಲ್ವಾ? ಎರಡನೇ ಕಂತು ಬಾಕಿ ಇದೆ, ಇವತ್ತೇ ಕಟ್ಟಿದರೆ ಫೈನ್ ಇರಲ್ಲ, ಲಿಂಕ್ ಕಳಿಸಿದೀನಿ ನೋಡಿ."

ಹೀಗೆ ಫೋನ್ ಬಂದರೆ ಯಾರಿಗೆ ತಾನೆ ಅನುಮಾನ ಬರುತ್ತದೆ? ಮಗಳ ಹೆಸರು ಸರಿ, ಅಡ್ಮಿಷನ್ ನಂಬರ್ ಸರಿ, ಯಾವ ಬಸ್ಸಿನಲ್ಲಿ ಹೋಗುತ್ತಾಳೆ ಅನ್ನುವುದೂ ಸರಿ. ನನ್ನ ಒಗ್ಗರಣೆ ಸೀಯುತ್ತಿತ್ತು, ಆಮೇಲೆ ನೋಡುತ್ತೇನೆ ಅಂತ ಫೋನ್ ಇಟ್ಟೆ. ಬಚಾವಾದೆ. ನಮ್ಮ ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿರುವ ಇನ್ನೊಬ್ಬ ತಾಯಿ ಅದೇ ಲಿಂಕಿಗೆ 18,000 ರೂಪಾಯಿ ಕಟ್ಟಿಬಿಟ್ಟಿದ್ದರು.

ಶಾಲೆಗೆ ಹೋಗಿ ಕೇಳಿದೆವು. ಆಫೀಸಿನವರು ಹೇಳಿದ್ದು ಇಷ್ಟೇ: "ಆ್ಯಪ್ ಕಂಪನಿಯ ಸರ್ವರ್ ಪ್ರಾಬ್ಲಮ್, ಈಗ ಸರಿ ಹೋಗಿದೆ." ಏನು ಸೋರಿತು, ಯಾರದ್ದು ಸೋರಿತು, ಯಾವಾಗ, ಯಾವುದಕ್ಕೂ ಉತ್ತರ ಇಲ್ಲ. ಒಂದು ಸರ್ಕ್ಯುಲರ್ ಕೂಡ ಇಲ್ಲ. ಯೂನಿಫಾರ್ಮಿನ ಸಾಕ್ಸ್ ಬಣ್ಣ ಬದಲಾದರೆ ಮೂರು ಮೆಸೇಜ್ ಕಳಿಸುವವರು ಇವರು.

ನನ್ನ ನಾದಿನಿ ಅದೇ ಶಾಲೆಯಲ್ಲಿ ಟೀಚರ್. ಅವಳ ಕಥೆ ಇನ್ನೂ ಕಷ್ಟದ್ದು. ಸಂಬಳದ ಖಾತೆ, ಪ್ಯಾನ್, ಆಧಾರ್ ಪ್ರತಿ, ಹಾಜರಿ ಮೆಷಿನ್ನಿನ ಬೆರಳಚ್ಚು, ಎಲ್ಲವೂ ಶಾಲೆ ಬಳಸುವ ಅದೇ ಆ್ಯಪಿನ ಸಾಫ್ಟ್‌ವೇರಿನಲ್ಲಿತ್ತು. ಈಗ ಅವಳ ಹೆಸರಿನಲ್ಲಿ ಯಾರೋ ಒಂದು ಸಾಲದ ಆ್ಯಪಿನಲ್ಲಿ ಸಾಲ ತೆಗೆದಿದ್ದಾರೆ. ವಸೂಲಿಯವರು ಇವಳಿಗೆ ಫೋನ್ ಮಾಡುತ್ತಾರೆ. ಸ್ಟಾಫ್ ಮೀಟಿಂಗಿನಲ್ಲಿ "ಹೊರಗೆ ಮಾತಾಡಬೇಡಿ" ಅಂದರಂತೆ. ಅವಳಿಗೆ ಬಾಯಿ ಬಿಡಲು ಭಯ, ಇಂಕ್ರಿಮೆಂಟ್ ಇರುವುದು ಮಾರ್ಚಿನಲ್ಲಿ.

ಈ ಎರಡು ತಿಂಗಳು ನಾನು ಕಾನೂನು ಓದಿದೆ, ಇಬ್ಬರು ವಕೀಲರ ಬಳಿ ಕೂತು ಕೇಳಿದೆ. ತಿಳಿದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ನಮ್ಮದು ಒಂದೇ ಶಾಲೆಯ ಕಥೆ ಅಲ್ಲ. ಸರ್ಕಾರದ್ದೇ ಕಲಿಕೆಯ ಆ್ಯಪ್ ದೀಕ್ಷಾದ ಮಾಹಿತಿ ಬೀಗ ಇಲ್ಲದ ಸರ್ವರಿನಲ್ಲಿ ಬಿದ್ದಿತ್ತು ಅಂತ 2023ರ ಜನವರಿಯಲ್ಲಿ ಸುದ್ದಿಯಾಗಿತ್ತಲ್ಲ. ಅದರಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಶಿಕ್ಷಕರು, ಸುಮಾರು ಆರು ಲಕ್ಷ ಮಕ್ಕಳು ಇದ್ದರು.

ಮೊದಲು ದುಡ್ಡು ಹೋದವರ ವಿಷಯ. ಅವತ್ತೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ದುಡ್ಡು ಇನ್ನೊಂದು ಖಾತೆಗೆ ಹಾರುವ ಮುಂಚೆ ಅವರು ತಡೆ ಹಿಡಿಸಲು ನೋಡುತ್ತಾರೆ. ಬ್ಯಾಂಕಿಗೂ ಬರೆದು ಕೊಡಬೇಕು, ಮೂರು ಕೆಲಸದ ದಿನದೊಳಗೆ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಪ್ರಕಾರ ತಪ್ಪು ಬ್ಯಾಂಕಿನದ್ದೂ ಅಲ್ಲ, ಗ್ರಾಹಕರದ್ದೂ ಅಲ್ಲ ಅಂತಾದರೆ, ಮೂರು ದಿನದೊಳಗೆ ತಿಳಿಸಿದವರಿಗೆ ನಷ್ಟ ಇಲ್ಲ. ಆದರೆ ನಾವೇ ಒಟಿಪಿ ಹೇಳಿದ್ದರೆ, ನಾವೇ ಪಾಸ್‌ವರ್ಡ್ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವ ತನಕ ಹೋದದ್ದು ನಮ್ಮ ಲೆಕ್ಕಕ್ಕೇ. ನಮ್ಮ ಗುಂಪಿನ ತಾಯಿಗೆ ಬ್ಯಾಂಕಿನವರು ಇದನ್ನೇ ಹೇಳಿ ಕಳಿಸಿದರು.

ಆಮೇಲೆ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆ. ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ ಸೆಕ್ಷನ್ 66ಸಿ ಇನ್ನೊಬ್ಬರ ಗುರುತು ಕದ್ದು ಬಳಸಿದ್ದಕ್ಕೆ, 66ಡಿ ಬೇರೆಯವರ ವೇಷದಲ್ಲಿ ಆನ್‌ಲೈನ್ ಮೋಸ ಮಾಡಿದ್ದಕ್ಕೆ. ಎರಡಕ್ಕೂ ಮೂರು ವರ್ಷದವರೆಗೆ ಜೈಲು. ಆದರೆ ಇದು ಕಳ್ಳನ ಮೇಲಿನ ಕೇಸು. ಬಾಗಿಲು ತೆಗೆದಿಟ್ಟವರ ಗತಿ ಏನು ಅನ್ನುವುದೇ ನನ್ನ ಪ್ರಶ್ನೆ.

ಅದಕ್ಕೆ ಇವತ್ತಿನ ಕಾನೂನಿನಲ್ಲಿ ಒಂದು ದಾರಿ ಇದೆ, ಐಟಿ ಕಾಯ್ದೆಯ ಸೆಕ್ಷನ್ 43ಎ. ಸೂಕ್ಷ್ಮ ಮಾಹಿತಿ ಇಟ್ಟುಕೊಂಡ ಸಂಸ್ಥೆ ಸರಿಯಾಗಿ ಕಾಪಾಡದೆ ನಮಗೆ ನಷ್ಟವಾದರೆ ಪರಿಹಾರ ಕೊಡಬೇಕು. ಐದು ಕೋಟಿವರೆಗಿನ ಬೇಡಿಕೆಯನ್ನು ಕೇಳುವುದು ಕೋರ್ಟ್ ಅಲ್ಲ, ರಾಜ್ಯದ ಐಟಿ ಇಲಾಖೆಯ ಕಾರ್ಯದರ್ಶಿ. ಅವರೇ ತೀರ್ಪುಗಾರ ಅಧಿಕಾರಿ. ಈ ವಿಷಯ ನನಗಿರಲಿ, ಒಬ್ಬ ವಕೀಲರಿಗೂ ಪುಸ್ತಕ ತೆಗೆದ ಮೇಲೆಯೇ ನೆನಪಾಗಿದ್ದು.

ಇದರಲ್ಲಿ ಒಂದು ತೊಡಕು ಇದೆ, ಸ್ವಲ್ಪ ನಿಧಾನವಾಗಿ ಓದಿ. 'ಸೂಕ್ಷ್ಮ ಮಾಹಿತಿ' ಅಂದರೆ ಏನು ಅಂತ 2011ರ ನಿಯಮದಲ್ಲಿ ಪಟ್ಟಿ ಇದೆ. ಪಾಸ್‌ವರ್ಡ್, ಬ್ಯಾಂಕ್ ಖಾತೆ ಮತ್ತು ಕಾರ್ಡಿನ ವಿವರ, ಆರೋಗ್ಯದ ವಿವರ, ಬೆರಳಚ್ಚಿನಂಥವು. ಮಗುವಿನ ಹೆಸರು, ಸೆಕ್ಷನ್, ಬಸ್ ನಂಬರ್, ಅಮ್ಮನ ಮೊಬೈಲ್ ಇದರಲ್ಲಿ ಇಲ್ಲ! ಮೋಸಗಾರನಿಗೆ ಬೇಕಾಗಿದ್ದು ಸರಿಯಾಗಿ ಇವೇ. ಹಾಗಾಗಿ ನಮ್ಮಂಥ ತಂದೆತಾಯಿಗಿಂತ ಟೀಚರುಗಳ ಕೇಸೇ ಗಟ್ಟಿ, ಅವರ ಖಾತೆ ನಂಬರ್, ಬೆರಳಚ್ಚು ಎರಡೂ ಪಟ್ಟಿಯಲ್ಲಿವೆ. ಪೋಷಕರು ಅರ್ಜಿ ಹಾಕುವಾಗ ಅಡ್ಮಿಷನ್ ಫಾರಂ ಜೊತೆ ಕೊಟ್ಟ ಮೆಡಿಕಲ್ ವಿವರ, ಆ್ಯಪಿನ ಪಾಸ್‌ವರ್ಡ್, ಫೀಸು ಕಟ್ಟಿದ ಖಾತೆ, ಇವೂ ಸೋರಿದವಾ ಅಂತ ಶಾಲೆಯಿಂದ ಬರಹದಲ್ಲಿ ಕೇಳಿಟ್ಟುಕೊಳ್ಳಬೇಕು. ಉತ್ತರ ಕೊಡದಿದ್ದರೆ ಅದೂ ಒಂದು ಸಾಕ್ಷಿಯೇ.

"ನಮ್ಮದು ಟ್ರಸ್ಟ್, ಕಂಪನಿ ಅಲ್ಲ, 43ಎ ನಮಗೆ ತಾಗಲ್ಲ" ಅಂತ ಶಾಲೆ ವಾದ ಮಾಡಬಹುದು. ಮಾಡಲಿ. ಆ್ಯಪಿನವರು ಕಂಪನಿಯೇ ತಾನೆ? ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ ಅಂತ ನಮ್ಮ ವಕೀಲರ ಸಲಹೆ. ಗ್ರಾಹಕ ಕೋರ್ಟಿಗೆ ಹೋಗೋಣ ಅಂತ ಗುಂಪಿನಲ್ಲಿ ಕೆಲವರು ಅಂದರು. ಶಿಕ್ಷಣ 'ಸೇವೆ' ಅಲ್ಲ ಅಂತ ಸುಪ್ರೀಂ ಕೋರ್ಟಿನ ಹಳೆಯ ತೀರ್ಪುಗಳಿವೆ, ಶಾಲೆ ಮೊದಲ ದಿನವೇ ಅದನ್ನು ಎತ್ತಿ ಹಿಡಿಯುತ್ತದೆ.

ನಾದಿನಿಯ ಸಾಲದ ವಿಷಯಕ್ಕೆ ಬೇರೆ ಮದ್ದು ಇದೆ, ಅದು ಶಾಲೆಗೆ ಗೊತ್ತಾಗುವುದೂ ಇಲ್ಲ. ನಮ್ಮ ಸಾಲಗಳ ದಾಖಲೆ ಇಡುವ ಪ್ರತಿ ಕ್ರೆಡಿಟ್ ಕಂಪನಿಯೂ ವರ್ಷಕ್ಕೊಮ್ಮೆ ಪೂರ್ತಿ ವರದಿ ಪುಕ್ಕಟೆ ಕೊಡಬೇಕು. ನಮ್ಮದಲ್ಲದ ಸಾಲ ಕಂಡರೆ ಆಕ್ಷೇಪಣೆ ಹಾಕಿ. 30 ದಿನದಲ್ಲಿ ಸರಿ ಮಾಡದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಿಂದ ಜಾರಿಗೆ ತಂದಿದೆ. ಆಧಾರ್ ಬೆರಳಚ್ಚನ್ನೂ ಲಾಕ್ ಮಾಡಿಸಿದ್ದಾಳೆ, ಐದು ನಿಮಿಷದ ಕೆಲಸ.

ಈಗ ನಾನು ಈ ಪತ್ರ ಬರೆಯಲು ಕೂತ ನಿಜವಾದ ಕಾರಣ.

ಕೇಂದ್ರದ ಹೊಸ ಡೇಟಾ ರಕ್ಷಣೆ ಕಾಯ್ದೆ 2023ರಲ್ಲಿ ಬಂತು, ನಿಯಮಗಳು ನವೆಂಬರ್ 2025ರಲ್ಲಿ ಬಂದವು, ಮುಖ್ಯ ಭಾಗ ಜಾರಿಗೆ ಬರುವುದು ಮೇ 2027ಕ್ಕೆ. ಒಳ್ಳೆಯದು ಬಹಳ ಇದೆ, ಇಲ್ಲ ಅನ್ನುವುದಿಲ್ಲ. ಇವತ್ತು ಸೋರಿಕೆ ಆದರೆ ಆರು ಗಂಟೆಯೊಳಗೆ ಸರ್ಟ್-ಇನ್ ಅನ್ನುವ ಕೇಂದ್ರ ಸಂಸ್ಥೆಗೆ ಹೇಳಬೇಕು ಅಂತ ಇದೆ, ತಂದೆತಾಯಿಗೆ ಹೇಳಬೇಕು ಅಂತ ಇಲ್ಲ. ಹೊಸದರಲ್ಲಿ ನಮಗೂ ತಡಮಾಡದೆ ತಿಳಿಸಬೇಕು, 72 ಗಂಟೆಯೊಳಗೆ ಈ ಕಾಯ್ದೆಯ ದೂರು ನೋಡುವ ಡೇಟಾ ರಕ್ಷಣಾ ಮಂಡಳಿಗೆ ವಿವರ ಕೊಡಬೇಕು. ತಪ್ಪು ಆ್ಯಪಿನವರದ್ದು ಅಂತ ಶಾಲೆ ಕೈ ತೊಳೆದುಕೊಳ್ಳುವಂತಿಲ್ಲ. ಹೆಸರು, ಬಸ್ ನಂಬರ್ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ದಂಡ 250 ಕೋಟಿವರೆಗೆ.

ಆ ದಂಡ ಹೋಗುವುದು ಎಲ್ಲಿಗೆ? ಭಾರತದ ಸಂಚಿತ ನಿಧಿಗೆ, ಅಂದರೆ ಸರ್ಕಾರದ ಖಜಾನೆಗೆ. 18,000 ಕಳೆದುಕೊಂಡ ತಾಯಿಗೆ ಒಂದು ರೂಪಾಯಿ ಇಲ್ಲ. ಜೊತೆಗೆ, ಅದೇ ಹೊಸ ಕಾಯ್ದೆ 43ಎಯನ್ನು ಕಿತ್ತು ಹಾಕುತ್ತದೆ. ಇದ್ದ ಒಂದು ಕಿಟಕಿಯನ್ನೂ ಮುಚ್ಚಿ, ಪಕ್ಕದಲ್ಲಿ ಸರ್ಕಾರಕ್ಕೆ ಒಂದು ದೊಡ್ಡ ಬಾಗಿಲು ಇಟ್ಟ ಹಾಗೆ. ಮಂಡಳಿಗೆ ಹೋಗುವ ಮುಂಚೆ ಶಾಲೆಗೇ ದೂರು ಕೊಟ್ಟು ಕಾಯಬೇಕು, 90 ದಿನದವರೆಗೂ ಆಗಬಹುದು. ಸುಳ್ಳು ಅಥವಾ ಕ್ಷುಲ್ಲಕ ದೂರು ಅಂತಾದರೆ ನಮಗೇ 10,000ದವರೆಗೆ ದಂಡ. ಟೀಚರುಗಳು ಅರ್ಜಿ ಹಾಕಲು ಈಗಲೇ ಹೆದರುತ್ತಾರೆ, ಇದನ್ನು ಓದಿದರೆ ಇನ್ನೂ ಹೆದರುತ್ತಾರೆ.

ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ ಆ ಕೇಸು ಹಾಕಿದವರು ನಮ್ಮ ರಾಜ್ಯ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಹಕ್ಕಿನ ಮೇಲೆ ಕಟ್ಟಿದ ಕಾನೂನಿನಲ್ಲಿ ಹಕ್ಕುದಾರನಿಗೇ ಪಾಲಿಲ್ಲ.

ಬೇರೆ ಕಡೆ ಹೇಗೆ ಅಂತ ನೋಡಲು ದೂರ ಹೋಗಬೇಕಿಲ್ಲ, ನನ್ನ ದೊಡ್ಡಪ್ಪನ ಮಗ ನಾರ್ತ್ ಕೆರೊಲಿನಾದ ಕ್ಯಾರಿಯಲ್ಲಿದ್ದಾನೆ. ಅವನ ಮಕ್ಕಳ ಶಾಲೆಗಳು ಪವರ್‌ಸ್ಕೂಲ್ ಅನ್ನುವ ಸಾಫ್ಟ್‌ವೇರ್ ಬಳಸುತ್ತಿದ್ದವು. 2024ರ ಡಿಸೆಂಬರಿನಲ್ಲಿ ಕದ್ದ ಒಂದು ಪಾಸ್‌ವರ್ಡಿನಿಂದ ಅದರೊಳಗೆ ನುಗ್ಗಿದ್ದು 19 ವರ್ಷದ ಒಬ್ಬ ಕಾಲೇಜು ಹುಡುಗ. ಆರು ಕೋಟಿಗೂ ಜಾಸ್ತಿ ಮಕ್ಕಳದ್ದು, ಸುಮಾರು ಒಂದು ಕೋಟಿ ಶಿಕ್ಷಕರದ್ದು ಮಾಹಿತಿ ಕಳವಾಯಿತು. ಅವನು ಕೇಳಿದ್ದು ಸುಮಾರು 28 ಲಕ್ಷ ಡಾಲರ್. ಕಂಪನಿ ಹಣ ಕೊಟ್ಟಿತು, ಕದ್ದದ್ದನ್ನು ಅಳಿಸಿದರು ಅಂತ ನಂಬಿತು. 2025ರ ಮೇನಲ್ಲಿ ಅದೇ ಮಾಹಿತಿ ಹಿಡಿದುಕೊಂಡು ನೇರ ಶಾಲೆಗಳಿಗೇ ಬೆದರಿಕೆ ಬಂತು, ನಾರ್ತ್ ಕೆರೊಲಿನಾಕ್ಕೂ ಬಂತು. ಅಲ್ಲಿಯೂ ಎಲ್ಲ ಸುಖವಾಗಿಲ್ಲ ಅಂತ ಇದನ್ನು ಹೇಳಿದೆ.

ಆದರೆ ಅಣ್ಣನ ಮನೆಗೆ ನೋಟಿಸ್ ಬಂತು. ಮಕ್ಕಳಿಗೂ ಶಿಕ್ಷಕರಿಗೂ ಅವರ ಗುರುತು ಕದ್ದು ಯಾರಾದರೂ ಬಳಸುತ್ತಿದ್ದಾರಾ ಅಂತ ಎರಡು ವರ್ಷ ಪುಕ್ಕಟೆ ಕಾವಲು, ದೊಡ್ಡವರಿಗೆ ಸಾಲದ ಖಾತೆಯ ಮೇಲೂ ಕಣ್ಣು. ತಂದೆತಾಯಿಗಳು, ಟೀಚರುಗಳು ಹಾಕಿದ ಮೊಕದ್ದಮೆಗಳನ್ನೆಲ್ಲ ಸೇರಿಸಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊದ ಒಂದೇ ಕೋರ್ಟಿಗೆ ಕೊಟ್ಟರು. ಟೆಕ್ಸಸ್ ರಾಜ್ಯದ ಅಟಾರ್ನಿ ಜನರಲ್ ಕಂಪನಿಯ ಮೇಲೆ ತಾನೇ ಕೇಸು ಹಾಕಿದರು. ಆ ಹುಡುಗನಿಗೆ ನಾಲ್ಕು ವರ್ಷ ಜೈಲು, ಜೊತೆಗೆ ಸುಮಾರು 1.4 ಕೋಟಿ ಡಾಲರ್ ತುಂಬಿಕೊಡಲು ಆದೇಶ. "ನಾನು ಒಂದು ರೂಪಾಯಿ ಖರ್ಚು ಮಾಡಿಲ್ಲ ಕಣೇ, ಸುಮ್ನೆ ಫಾರಂ ತುಂಬಿದೆ" ಅಂದ ಅಣ್ಣ. ನಾನು ಇಲ್ಲಿ ನೋಟರಿಗೇ ಮೂರು ಸಲ ಹೋಗಿದ್ದೇನೆ.

ನಮ್ಮ ಸಂಸದರು ಕೇಳಬೇಕಾದ್ದು ದೊಡ್ಡದೇನಲ್ಲ. 43ಎ ಹೋಗುವ ಮುಂಚೆ ಹೊಸ ಕಾಯ್ದೆಯಲ್ಲಿ ಪರಿಹಾರಕ್ಕೆ ಒಂದು ಸೆಕ್ಷನ್ ಬರಲಿ, ದಂಡದಲ್ಲಿ ಒಂದು ಭಾಗ ನಷ್ಟವಾದವರಿಗೆ ಹೋಗಲಿ. ಶಿಕ್ಷಣ ಇಲಾಖೆಗೆ ಅದಕ್ಕೂ ಕಾಯಬೇಕಿಲ್ಲ. ಮಾಹಿತಿ ಸೋರಿದರೆ ಪೋಷಕರಿಗೆ, ಸಿಬ್ಬಂದಿಗೆ ಬರಹದಲ್ಲಿ ತಿಳಿಸಿ ಅಂತ ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರ (ಡಿಡಿಪಿಐ) ಕಚೇರಿಯಿಂದ ಒಂದು ಸುತ್ತೋಲೆ ಸಾಕು. ಶಾಲೆ ಬಿಟ್ಟು ಹೋದ ಮಕ್ಕಳ ದಾಖಲೆ ಖಾಸಗಿ ಆ್ಯಪಿನಲ್ಲಿ ಎಷ್ಟು ವರ್ಷ ಇರಬೇಕು ಅಂತಲೂ ಅದರಲ್ಲಿ ಬರೆಯಲಿ. ಟೊರೊಂಟೊ ಶಾಲೆಗಳಲ್ಲಿ 1985ರಿಂದ ಓದಿದವರದ್ದೂ ಇದೇ ಪವರ್‌ಸ್ಕೂಲ್ ಕಳವಿನಲ್ಲಿ ಸೇರಿತ್ತು.

43ಎ ಅಡಿ ತೀರ್ಪುಗಾರ ಅಧಿಕಾರಿಗೆ ಕೊಡುವ ನಮ್ಮ ಅರ್ಜಿ ಸಿದ್ಧವಾಗಿದೆ. ಫೋನ್ ಬಂದ ನಂಬರುಗಳು, ಮೆಸೇಜಿನ ಸ್ಕ್ರೀನ್‌ಶಾಟ್, ಬ್ಯಾಂಕ್ ಸ್ಟೇಟ್‌ಮೆಂಟ್, ಶಾಲೆಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದ ಪತ್ರದ ರಸೀದಿ, ಎಲ್ಲ ಲಗತ್ತಿಸಿದ್ದೇವೆ. ಮೇ 2027ರವರೆಗೆ ಎಳೆಯುವುದು ಬೇಡ ಅಂತ ಬರುವ ಸೋಮವಾರವೇ ಬೆಂಗಳೂರಿಗೆ ಹೋಗುತ್ತಿದ್ದೇವೆ. ಐದು ಮನೆಯವರು ಸಹಿ ಹಾಕಿದ್ದಾರೆ. ಎಲ್ಲರಿಗಿಂತ ಗಟ್ಟಿ ಕೇಸು ಇರುವ ನಾದಿನಿ ಇನ್ನೂ ಹಾಕಿಲ್ಲ, ಇಂಕ್ರಿಮೆಂಟ್ ಆಗಲಿ ಅತ್ತಿಗೆ ಅನ್ನುತ್ತಾಳೆ.

ಒಬ್ಬ ತಾಯಿ,
ಮೈಸೂರು