ನನ್ನ ಕೆನ್ನೆಗೆ ಆಕಾರ ಕೊಟ್ಟವರಿಗೆ

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಸರ್ಜನ್ ಅವರಿಗೆ ಎದುರಿಗೇ ಥ್ಯಾಂಕ್ಸ್ ಹೇಳಿದೆ. ಆದರೆ ಕಂಪ್ಯೂಟರ್ ಮುಂದೆ ಕೂತು ಇಂಪ್ಲಾಂಟ್, ಅಂದ್ರೆ ನನ್ನ ಕೆನ್ನೆಯೊಳಗೆ ಕೂರಿಸಿದ ಕೃತಕ ತುಂಡು, ಡಿಸೈನ್ ಮಾಡಿದ್ದು ನೀವು, ಅಲ್ವಾ?

ಅಪಘಾತದಲ್ಲಿ ಎಡಗೆನ್ನೆಯ ಮೂಳೆ ಮುರಿದು, ಒಳಗೆ ಕುಸಿದು, ಹಾಗೇ ಕೂಡಿಕೊಂಡಿತ್ತು. ನೀವು ಸಿಟಿ ಸ್ಕ್ಯಾನ್‌ನಿಂದ ತಲೆಬುರುಡೆಯ ಮಾದರಿ ಮಾಡಿದಿರಿ. ಸರಿಯಿದ್ದ ಬಲಭಾಗವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಎಡಭಾಗದ ಮೇಲಿಟ್ಟಿರಿ. ಎರಡರ ನಡುವೆ ಉಳಿಯುವ ಜಾಗವೇ ಇಂಪ್ಲಾಂಟ್‌ನ ಆಕಾರ. ಕೇಳೋಕೆ ಸುಲಭ. ಆದರೆ ಯಾರ ಮುಖವೂ ಎರಡೂ ಕಡೆ ಪೂರ್ತಿ ಒಂದೇ ಥರ ಇರುವುದಿಲ್ಲ. ಮೂಳೆಯ ಮೇಲಿನ ಕೊಬ್ಬು, ಚರ್ಮದ ದಪ್ಪವೂ ಬೇರೆ ಬೇರೆ. ಅದಕ್ಕೇ ನೀವು ಸುಮ್ನೆ ಲೆಕ್ಕ ನಂಬಿ ಕೂರಲಿಲ್ಲ. ಅಂಚುಗಳನ್ನು ತೆಳುವಾಗಿಸಿದಿರಿ. ಕಣ್ಣಿನ ಕೆಳಗೆ ಹೊರಬರುವ ನರಕ್ಕೆ ಜಾಗ ಬಿಟ್ಟಿರಿ. ಅದು ಒತ್ತಿಹೋದರೆ ಕೆನ್ನೆ, ಮೇಲ್ದುಟಿ ಮರಗಟ್ಟಬಹುದಂತೆ. ನನಗೆ ಹಾಗಾಗಲಿಲ್ಲ!

ಪೀಕ್ ಎಂಬ ಗಟ್ಟಿ ಪ್ಲಾಸ್ಟಿಕ್‌ನಿಂದ ಮಾಡಿದ ಆ ಇಂಪ್ಲಾಂಟನ್ನು ಬಾಯೊಳಗಿಂದಲೇ ಕೂರಿಸಿ, ಸಣ್ಣ ಟೈಟಾನಿಯಂ ಸ್ಕ್ರೂ ಹಾಕಿದರು. ಹೊರಗೆ ಹೊಲಿಗೆಯ ಗುರುತೂ ಇಲ್ಲ. ಸೋಂಕಿನ ಭಯ ಸ್ವಲ್ಪ ಇದ್ದೇ ಇದೆ, ಚೆಕಪ್ ತಪ್ಪಿಸುತ್ತಿಲ್ಲ.

ಆಪರೇಷನ್ ವೇಳೆ ಅದನ್ನು ಒಂದಿಷ್ಟೂ ಉಜ್ಜಿ ಸರಿಪಡಿಸಬೇಕಾಗಲಿಲ್ಲ ಎಂದು ಸರ್ಜನ್ ಹೇಳಿದರು. ಆ ಮೆಚ್ಚುಗೆ ನಿಮಗೇ ಸೇರಬೇಕಾದ್ದು. ತುಂಬಾ ಥ್ಯಾಂಕ್ಸ್.