ಸ್ಕ್ಯಾನರ್ ಕೊಳ್ಳುವ ಮೊದಲು ಊರುವಾರು ಸೂಚಿ ಬರೆಸಿ

ಮಾನ್ಯ ಸಂಪಾದಕರಿಗೆ,

ಚಿತ್ರದುರ್ಗ, ದಾವಣಗೆರೆ ಸೀಮೆಗೆ ಒಂದು ಇತಿಹಾಸ ಸಂಶೋಧನಾ ಗ್ರಂಥಾಲಯ ಬೇಕು ಎಂಬ ಮಾತು ಬಂದಾಗಲೆಲ್ಲ ಚರ್ಚೆ ಕಟ್ಟಡ, ಕಪಾಟು, ಸ್ಕ್ಯಾನರ್‌ಗಳಲ್ಲೇ ಮುಗಿದುಹೋಗುತ್ತದೆ. ಇವೆಲ್ಲ ಆಮೇಲಿನವು. ಮೊದಲು ಆಗಬೇಕಾದದ್ದು ಊರುವಾರು ಸೂಚಿ, ಅಂದರೆ ಯಾವ ಊರಿನ ಶಾಸನ, ಕಾಗದಪತ್ರ ಎಲ್ಲಿದೆ ಎಂದು ತೋರಿಸುವ ಪಟ್ಟಿ.

ಕಾರಣ ನಮ್ಮ ಗಡಿಗಳು. ಈಗ ದಾವಣಗೆರೆ ಜಿಲ್ಲೆಯಲ್ಲಿರುವ ಹೊನ್ನಾಳಿ ಕಡೆಯ ಹಳ್ಳಿಯೊಂದರ ಶಾಸನ ಬೇಕೆಂದು, ಜಿಲ್ಲಾವಾರು ಶಾಸನ ಸಂಪುಟಗಳ ಮಾಲೆಯಾದ ಎಪಿಗ್ರಾಫಿಯ ಕರ್ನಾಟಿಕದ ಚಿತ್ರದುರ್ಗ ಸಂಪುಟ, ಅಂದರೆ 11ನೆಯದನ್ನು ತೆರೆದರೆ ಸಿಗುವುದಿಲ್ಲ. ಈ ಸಂಪುಟಗಳನ್ನು ಸಂಪಾದಿಸಿದ ಬಿ.ಎಲ್. ರೈಸ್ ಅವರ ಕಾಲಕ್ಕೆ ಹೊನ್ನಾಳಿ, ಚನ್ನಗಿರಿ ಎರಡೂ ಶಿವಮೊಗ್ಗದವು; ಅಲ್ಲಿನ ಶಾಸನಗಳು 7ನೇ ಸಂಪುಟದಲ್ಲಿವೆ. ಹರಿಹರದವು 11ರಲ್ಲೇ ಇದ್ದರೂ ದಾವಣಗೆರೆ ತಾಲ್ಲೂಕಿನ ಸಂಖ್ಯೆಯಡಿ ಸೇರಿವೆ. 1997ರಿಂದ 2018ರವರೆಗೆ ದಾವಣಗೆರೆ ಜಿಲ್ಲೆಯಲ್ಲಿದ್ದ ಹರಪನಹಳ್ಳಿ ಹಿಂದೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿಯದು. ಅದಕ್ಕೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್‌ನ 9ನೇ ಸಂಪುಟ ನೋಡಬೇಕು. ರೈಸ್ ನಂತರ ಸಿಕ್ಕ ಶಾಸನಗಳು ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳಲ್ಲಿ ಚದುರಿಹೋಗಿವೆ. ಊರಿನ ಈಗಿನ ಹೆಸರು, ಹೋಬಳಿ, ಅಂದಿನ ತಾಲ್ಲೂಕು, ಶಾಸನದಲ್ಲಿರುವ ಹೆಸರು, ಸಂಪುಟ ಮತ್ತು ಸಂಖ್ಯೆ, ಕಲ್ಲು ಈಗ ಎಲ್ಲಿದೆ ಎಂಬುದು ಒಂದೇ ಸಾಲಿನಲ್ಲಿ ಇರಬೇಕು. ಹಳೆಯ ಹೆಸರು ಬಿಟ್ಟರೆ ಸೂಚಿ ಅರ್ಧ ಕುರುಡು. ಶಾಸನದ ಬೆಮ್ಮತ್ತನಕಲ್ಲೇ ಇಂದಿನ ಚಿತ್ರದುರ್ಗ, ಕೂಡಲೂರೇ ಹರಿಹರ ಎಂದು ಹೊಸಬರಿಗೆ ಯಾರು ಹೇಳಬೇಕು?

ಕಡತ (ಬಳಪದಲ್ಲಿ ಬರೆದ, ಮಡಿಕೆಯ ಬಟ್ಟೆಪುಸ್ತಕ), ಕಾಗದಪತ್ರಗಳಲ್ಲಿ ತೊಡಕು ಇನ್ನೂ ಹೆಚ್ಚು. ಶಕವರ್ಷ ಬರೆದಿದ್ದರೆ 78 ಕೂಡಿಸಿದರೆ ಇಸವಿ ಸಿಗುತ್ತದೆ, ಪುಷ್ಯ, ಮಾಘ, ಫಾಲ್ಗುಣದಲ್ಲಿ ಒಮ್ಮೊಮ್ಮೆ 79. ಆದರೆ ಎಷ್ಟೋ ಪತ್ರಗಳಲ್ಲಿ ಇರುವುದು ಸಂವತ್ಸರ, ಮಾಸ, ತಿಥಿ ಮಾತ್ರ. ಸಂವತ್ಸರ 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ‘ವಿಕಾರಿ ಸಂವತ್ಸರ’ ಎಂದಷ್ಟೇ ಇದ್ದರೆ ಅದು 1719 ಆಗಬಹುದು, 1779 ಅಥವಾ 1839 ಕೂಡ ಆಗಬಹುದು. ಮೊದಲನೆಯದಾದರೆ ಪತ್ರ ಪಾಳೆಯಗಾರರ ಕಾಲದ್ದು. ಎರಡನೆಯದಾದರೆ ದುರ್ಗ ಹೈದರಾಲಿಯ ಕೈಸೇರಿದ ವರ್ಷದ್ದು. ಸೂಚಿ ಬರೆಯುವವರು ಇಲ್ಲಿ ಊಹೆಯಿಂದ ಇಸವಿ ತುಂಬಿಬಿಟ್ಟರೆ ಆ ತಪ್ಪು ಪ್ರಬಂಧದಿಂದ ಪ್ರಬಂಧಕ್ಕೆ ನಡೆದುಕೊಂಡು ಹೋಗುತ್ತದೆ. ಪತ್ರದಲ್ಲಿದ್ದುದನ್ನು ಇದ್ದಂತೆ ಬರೆದು, ಇಸವಿಯ ಕಾಲಂ ಖಾಲಿ ಬಿಡುವುದೇ ಲೇಸು. ವಾರವೂ ತಿಥಿಯೂ ಎರಡೂ ಇದ್ದರೆ ಪಂಚಾಂಗಕ್ಕೆ ತಾಳೆ ನೋಡಬಹುದು, ಅದು ಬೇರೆಯವರ ಕೆಲಸ.

ಇನ್ನು ಮುಟ್ಟುವ ಬಗೆ. ಮನೆಯ ಅಟ್ಟದಲ್ಲಿ ಕಡತ ಸಿಕ್ಕಿತೆಂದರೆ ಮೊದಲು ಒದ್ದೆ ಬಟ್ಟೆ ಕೈಗೆ ಬರುತ್ತದೆ, ದಯವಿಟ್ಟು ಬೇಡ. ಕಡತವೆಂದರೆ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು, ಬಳಪದಲ್ಲಿ ಬರೆದದ್ದು. ಅಳಿಸಿ ಮತ್ತೆ ಬರೆಯಲೆಂದೇ ಮಾಡಿದ ವಸ್ತು. ನೀರು ತಾಕಿದರೆ ಅಕ್ಷರವೇ ಹೋಗುತ್ತದೆ. ಮಡಿಕೆ ನೆಟ್ಟಗಾಗಲೆಂದು ಮೇಲೆ ಭಾರ ಹೇರಿದರೆ ಬಳಿದ ಪದರ ಮಡಿಕೆಯ ಉದ್ದಕ್ಕೂ ಬಿರಿದು ಉದುರುತ್ತದೆ. ಅಂಟಿನ ಆಸೆಗೆ ಹುಳ ಬರುವುದರಿಂದ ಬಜೆ ಪುಡಿಯ ಸಣ್ಣ ಗಂಟನ್ನು ಪೆಟ್ಟಿಗೆಯ ಮೂಲೆಯಲ್ಲಿಡಿ, ಕಡತಕ್ಕೆ ತಾಗಬಾರದು. ಕಟ್ಟಲು ಹತ್ತಿಯ ಪಟ್ಟಿ ಸಾಕು, ರಬ್ಬರ್ ಬ್ಯಾಂಡ್ ಬೇಡ. ತಾಳೆಗರಿಯ ಲೆಕ್ಕ ಬೇರೆ: ಅದರಲ್ಲಿ ಅಕ್ಷರವನ್ನು ಕಂಠ ಎಂಬ ಲೋಹದ ಮೊನೆಯ ಲೇಖನಿಯಿಂದ ಕೊರೆದಿರುತ್ತಾರೆ, ಆದ್ದರಿಂದ ಒಣ ಮೆತ್ತನೆಯ ಬ್ರಷ್‌ನಲ್ಲಿ ಧೂಳು ತೆಗೆದು, ನಿಂಬೆಹುಲ್ಲಿನ ಎಣ್ಣೆಯಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಎಣ್ಣೆಯನ್ನು ತೆಳುವಾಗಿ ಸವರಬಹುದು. ಹೆಚ್ಚಾದರೆ ಧೂಳು ಅಂಟುತ್ತದೆ. ಇದೇ ಎಣ್ಣೆಯನ್ನು ಕಾಗದಕ್ಕೂ ಕಡತಕ್ಕೂ ಹಚ್ಚುವವರಿದ್ದಾರೆ. ಆ ಕಲೆ ಮತ್ತೆ ಹೋಗದು. ದಾರ ಹರಿದ ಗರಿಗಳನ್ನು ಜೋಡಿಸುವ ಮುನ್ನ ಸಿಕ್ಕ ಕ್ರಮದಲ್ಲೇ ಒಮ್ಮೆ ಚಿತ್ರ ತೆಗೆಯಿರಿ. ಹರಿದ ಕಾಗದಕ್ಕೆ ಸೆಲ್ಲೋ ಟೇಪ್, ಲ್ಯಾಮಿನೇಷನ್ ಎರಡೂ ಶತ್ರುಗಳೇ.

ಸ್ಕ್ಯಾನಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಡತವನ್ನು ಗಾಜಿನ ಮೇಲೆ ಮಗುಚಿ ಹಾಕುವ ಯಂತ್ರ ಬೇಡ, ಮೇಲಿನಿಂದ ಚಿತ್ರ ತೆಗೆಯುವ ವ್ಯವಸ್ಥೆ ಇರಲಿ. ಬಣ್ಣದಲ್ಲೇ ತೆಗೆಯಬೇಕು, ಬರೀ ಕಪ್ಪು-ಬಿಳುಪಿಗೆ ಇಳಿಸಿದರೆ ಮಾಸಿದ ಬಳಪದ ಗೆರೆ ಕಾಣದಾಗುತ್ತದೆ. ಕಡತದ ಹೆಸರಿಲ್ಲದ, ಕ್ಯಾಮೆರಾ ಕೊಟ್ಟ ಸಂಖ್ಯೆಯಲ್ಲೇ ಉಳಿದ ಸಾವಿರಾರು ಫೈಲ್‌ಗಳು ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ದಾಖಲಾತಿ ಸಂಖ್ಯೆ, ಕಟ್ಟಿನ ಸಂಖ್ಯೆ, ಮಡಿಕೆ ಅಥವಾ ಗರಿಯ ಸಂಖ್ಯೆ, ಈ ಮೂರೂ ಫೈಲಿನ ಹೆಸರಿನಲ್ಲೇ ಇರಬೇಕು.

ಸೂಚಿಗೆ ಬೇಕಾದದ್ದು ಹಳಗನ್ನಡ ಓದಬಲ್ಲ ಒಬ್ಬರು, ಮೋಡಿ ಲಿಪಿ (ಹಳೆಯ ದಾಖಲೆಗಳ ಕೂಡುಬರಹ) ಬಲ್ಲ ಇನ್ನೊಬ್ಬರು, ಮತ್ತು ಅವರ ಸಂಬಳ. ಆಸ್ತಿ ತೆರಿಗೆಯ ಜೊತೆ ನಾವು ಕಟ್ಟುವ ಶೇ 6ರ ಗ್ರಂಥಾಲಯ ಕರದಲ್ಲಿ ಒಂದು ಪಾಲನ್ನು ಎರಡೂ ಜಿಲ್ಲೆಗಳು ಇದಕ್ಕೆಂದೇ ಎತ್ತಿಡಲಿ. ಮನೆತನದವರಿಂದ ಮೂಲಪ್ರತಿ ಕೇಳುವ ಮುನ್ನ ಗರಿ, ಮಡಿಕೆಗಳ ಎಣಿಕೆ ಬರೆದು ಸಹಿ ಮಾಡಿದ ರಸೀದಿ ಮತ್ತು ಹಿಂದಿರುಗಿಸುವ ದಿನಾಂಕ ಕೊಡಲಿ. ಹಾಗೆ ಮಾಡಿದರೆ ಕೊಡುವವರು ತಾವಾಗಿಯೇ ಬರುತ್ತಾರೆ.

– ಇತಿಹಾಸ ಅಧ್ಯಯನಾಸಕ್ತರು, ಚಿತ್ರದುರ್ಗ