ಟವೆಲ್ ಇನ್ನೂ ನನ್ನ ಹತ್ತಿರವೇ ಇದೆ

ಹೋದ ಭಾನುವಾರ ಮಧ್ಯಾಹ್ನ ಗೋವಾದ ವಾಸ್ಕೋ ಹತ್ತಿರ, ಜುವಾರಿ ನದಿಯಲ್ಲಿ ಹಾಯಿದೋಣಿ ಓಡಿಸುತ್ತಿದ್ದೆ. 16 ಅಡಿಯ ಸೆಕೆಂಡ್ ಹ್ಯಾಂಡ್ ಫೈಬರ್ ದೋಣಿ. ಹೊಸ ಹಾಯಿಗೆ ದುಡ್ಡು ಸುರಿದಿದ್ದೆ. ಹಾಯಿಕಂಬವನ್ನು ಎರಡೂ ಬದಿಯಿಂದ ಹಿಡಿಯುವ ಸ್ಟೀಲ್ ತಂತಿ ಮಾತ್ರ ಹಳೆಯದೇ. ಹೊಳೀತಿದೆಯಲ್ಲ, ಸಾಕು ಅಂದುಕೊಂಡಿದ್ದೆ. ಪೆದ್ದುತನ.

ಕಡಲಗಾಳಿ ಜೋರಾಯಿತು. ಎಡಗಡೆ ತಂತಿಯ ಬುಡದಲ್ಲಿ ಎಳೆಗಳು ಪಟಪಟ ಬಿಚ್ಚಿಕೊಂಡವು. ಮೂರೋ ನಾಲ್ಕೋ ಉಳಿದವು. ಕಂಬ ಬಾಗಿತು. "ಅಯ್ಯೋ ದೇವ್ರೇ" ಅಂತ ಕೂಗಿಬಿಟ್ಟೆ.

ಪಕ್ಕದ ಮೀನುದೋಣಿಯಿಂದ ಕನ್ನಡದಲ್ಲೇ ಉತ್ತರ ಬಂತು. "ಹೆದರ್ಬೇಡಿ ಮಾರಾಯ್ರೆ, ಮೊದ್ಲು ಹಾಯಿ ಇಳ್ಸಿ."

ಇಳಿಸಿದೆ. ಅವರು ಎಂಜಿನ್ ನಿಲ್ಲಿಸಿ, ನನ್ನ ದೋಣಿಗೆ ಹತ್ತಿದರು. ಮುಂದಿನ ಹಾಯಿ ಏರಿಸುವ ಹಗ್ಗ ಖಾಲಿ ಇತ್ತು. ಅದನ್ನೇ ಕಂಬದ ಮೇಲಿಂದ ಎಡಬದಿಗೆ ತಂದು ಬಿಗಿದರು. ನಾನು ನೈಲಾನ್ ಹಗ್ಗ ಕೊಡಲು ಹೋದರೆ, "ಅದು ಎಳೆದಷ್ಟೂ ಉದ್ದ ಆಗ್ತದೆ" ಅಂತ ಬದಿಗಿಟ್ಟರು.

ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು ಬಲಗಡೆ ತಂತಿಗೆ ಸುತ್ತಿ, ಮೇಲಿಂದ ಕೆಳಗೆ ನಿಧಾನವಾಗಿ ಎಳೆದರು. ಬುಡದ ಹತ್ತಿರ ನೂಲು ಸಿಕ್ಕಿಕೊಂಡಿತು. ಅಲ್ಲೂ ಒಂದು ಎಳೆ ಮುರಿದಿತ್ತು! ಉಪ್ಪುನೀರು ಜೋಡಣೆಯೊಳಗೆ ನಿಂತು ತಿಂದುಬಿಟ್ಟಿತ್ತು.

ದಡದವರೆಗೂ ಎಳೆದು ತಂದರು. ಡೀಸೆಲ್ ದುಡ್ಡು ಮುಟ್ಟಲಿಲ್ಲ. ನನ್ನ ಡಬ್ಬಿಯ ಬನ್ಸ್ ಎರಡು ತಿಂದು, "ಸಿಹಿ ಸ್ವಲ್ಪ ಕಮ್ಮಿ" ಅಂದು ಹೊರಟರು. ನನ್ನ ಕೈ ಆಗಲೂ ನಡುಗುತ್ತಿತ್ತು. ಹೆಸರು ಕೇಳಲೇ ಇಲ್ಲ.

ಅಣ್ಣಾ, ಥ್ಯಾಂಕ್ಸ್. ತಂತಿ ಎಲ್ಲಾ ಬದಲಾಯಿಸಿದ್ದೇನೆ. ನಿಮ್ಮ ಟವೆಲ್ ಒಗೆದು ಇಟ್ಟಿದ್ದೇನೆ.